ತವರಿನಿಂದ ಬಂದ ಕಂಪ್ಯೂಟರ್

ನಮ್ಮ ಮನೆಯಲ್ಲಿ ಯಾರ ಬಟ್ಟೆಯೂ ಯಾರ ಮೈಗೂ ಸರಿಯಾಗಿ ಕೂರುತ್ತಿರಲಿಲ್ಲ. ಅಬ್ಬ ಗುಬ್ಬಿಯ ಅರ್ಧ ಊರಿಗೆ ಸ್ಕೂಲ್ ಯೂನಿಫಾರ್ಮ್ ಹೊಲಿಯುವ ಟೈಲರ್. ಆದರೆ ಸ್ವಂತ ಮಗಳ ಲಂಗ ಮಾತ್ರ ಜೂನ್ ತಿಂಗಳಲ್ಲಿ ಗೋಣಿಚೀಲ, ಮಾರ್ಚ್ ಹೊತ್ತಿಗೆ ತಕ್ಕಮಟ್ಟಿಗೆ ಅಳತೆ. ಅಂಚಿನ ಒಳಗೆ ನಾಲ್ಕು ಬೆರಳು ಬಟ್ಟೆ ಮಡಚಿಟ್ಟು ಹೊಲಿಯುವುದು ಅವರ ಪದ್ಧತಿ. ವರ್ಷಕ್ಕೊಮ್ಮೆ ಒಂದು ಸಾಲು ಹೊಲಿಗೆ ಬಿಚ್ಚಿ, ಇಸ್ತ್ರಿ ಹಾಕಿ, ಒಂದಿಷ್ಟು ಕೆಳಗಿಳಿಸಿ ಕೊಡುತ್ತಿದ್ದರು. ಬಣ್ಣ ಮಾಸದ ಹೊಸ ಪಟ್ಟಿ ಲಂಗದ ಕೆಳಗೆ ಎದ್ದು ಕಾಣುತ್ತಿತ್ತು. ಅದನ್ನು ನೋಡಿ ಕ್ಲಾಸಿನ ಹುಡುಗಿಯರು ಕಿಸಕ್ಕನೆ ನಗುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು, ಅಬ್ಬನಿಗೆ ಆಗುತ್ತಿರಲಿಲ್ಲ.

“ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ ಜನ. ಕಾಲು ಬೆಳೀತದೆ ಅನ್ನೋದು ಮರ್ತು ಮಾತಾಡ್ತಾರೆ,” ಎನ್ನುತ್ತಿದ್ದರು.

ಮನೆ ಎಂದರೆ ಮೂರು ಕೋಣೆ. ರಸ್ತೆಗೆ ಬಾಗಿಲು ತೆರೆದದ್ದು ಅಂಗಡಿ, ಹಿಂದಿನದು ಅಡುಗೆಮನೆ. ನಡುವಿನದಕ್ಕೆ ಹೆಸರೇ ಇರಲಿಲ್ಲ. ಊಟ, ನಿದ್ದೆ, ನಮಾಜು, ಇಸ್ತ್ರಿ, ಜಗಳ ಎಲ್ಲವೂ ಅಲ್ಲೇ. ಬಟ್ಟೆಯ ಚೂರುಗಳು ಎಲ್ಲೆಂದರಲ್ಲಿ ಸಿಗುತ್ತಿದ್ದವು, ಒಮ್ಮೊಮ್ಮೆ ಅನ್ನದಲ್ಲೂ ಒಂದು ನೀಲಿ ದಾರ. ಒಬ್ಬಳೇ ಮಗಳಾದ್ದರಿಂದ ಜಗಳಕ್ಕೆ ನನಗೆ ಜೊತೆಗಾರರಿರಲಿಲ್ಲ, ಅಬ್ಬ ಅಮ್ಮಿಯರೊಂದಿಗೇ ಆಡಬೇಕಿತ್ತು. ಮನೆಯೊಳಗಿನ ಮಾತು ಉರ್ದು, ಅದರ ನಡುನಡುವೆ ಯಾರೂ ಕರೆಯದೆ ಬಂದು ಕೂರುವ ಗುಬ್ಬಿಯ ಕನ್ನಡ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಜಗಳದ ಖಾರ ಒಂದು ಚಿಟಿಕೆ ಕಡಿಮೆಯಾಗಬಹುದು, ಅಷ್ಟೇ.

ಅಮ್ಮಿಗೆ ತುಮಕೂರು ತವರು. ಅಮ್ಮಿಯ ತಾಯಿ, ನನ್ನ ನಾನಿ, ತೀರಿಕೊಂಡ ಮೇಲೆ ಆ ತವರಿನಲ್ಲಿ ಉಳಿದವರು ಅಮ್ಮಿಯ ತಮ್ಮ ಒಬ್ಬರೇ, ನನ್ನ ಮಾಮು. ರೇಡಿಯೋ ರಿಪೇರಿಯಿಂದ ಶುರುಮಾಡಿ, ಟಿವಿಗೆ ಬಂದು, ಆಮೇಲೆ ಕಂಪ್ಯೂಟರ್ ಜೋಡಿಸಿ ಮಾರುವ ಅಂಗಡಿ ಇಟ್ಟಿದ್ದರು. ತಿಂಗಳಿಗೊಂದು ಭಾನುವಾರ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬರುತ್ತಿದ್ದರು. ಗುಬ್ಬಿ ತಲುಪುವಷ್ಟರಲ್ಲಿ ಅದು ಆರಿ ಗಟ್ಟಿಯಾಗಿರುತ್ತಿತ್ತು. ಅಮ್ಮಿ ಸದ್ದಿಲ್ಲದೆ ಮತ್ತೆ ಹಬೆಯಲ್ಲಿಟ್ಟು, ನನ್ನ ತಮ್ಮ ಬಿಸಿಬಿಸಿ ತಂದವ್ನೆ ಎಂದು ಬಡಿಸುತ್ತಿದ್ದಳು. ತವರಿನಿಂದ ಬಂದದ್ದಕ್ಕೆ ಅವಳದೊಂದು ಕಾನೂನಿತ್ತು. ತಂದವರ ಎದುರು ಬಿಚ್ಚಬಾರದು, ತೂಗಬಾರದು, ತಿರುವಿ ನೋಡಬಾರದು, ಅವರು ಹೋದ ಮೇಲೂ ಕುಂದು ಎತ್ತಬಾರದು. ಇದು ಯಾವ ಕಿತಾಬಿನಲ್ಲೂ ಇಲ್ಲ, ಯಾವ ಮೌಲ್ವಿಗಳೂ ಹೇಳಿದ್ದಲ್ಲ. ನಾನಿ ಅಮ್ಮಿಗೆ ಹೇಳಿದ್ದು. ಪಕ್ಕದ ಮನೆಯ ಗೌರಮ್ಮನವರೂ ಅದನ್ನೇ ಪಾಲಿಸುತ್ತಿದ್ದರು. ಒಂದು ಈದಿಗೆ ಮಾಮು ತಂದ ಸೀರೆಯಲ್ಲಿ ಅಂಗೈ ಅಗಲದ ಎಣ್ಣೆ ಕಲೆ ಇತ್ತು. ಅಬ್ಬ ಬಾಯಿ ತೆರೆಯುವ ಮೊದಲೇ ಅಮ್ಮಿ ಅದನ್ನು ಕಲೆ ನೆರಿಗೆಯೊಳಗೆ ಸೇರುವ ಹಾಗೆ ಉಟ್ಟು ಬಂದು ನಿಂತಿದ್ದಳು. ಆಮೇಲೆ ಐದು ವರ್ಷ ಹಾಗೆಯೇ ಉಟ್ಟಳು.

ಹತ್ತನೆಯ ತರಗತಿ ಮುಗಿಸಿ ನಾನು ತುಮಕೂರಿನ ಒಂದು ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾಗೆ ಸೇರಿದೆ. ಬೆಳಿಗ್ಗೆ ಪ್ಯಾಸೆಂಜರ್ ರೈಲು, ಜೊತೆಗೆ ಲತಾ. ಅವಳು ಸಿ.ಎಸ್. ಪುರದಿಂದ ಗುಬ್ಬಿಗೆ ಬಸ್ಸಿನಲ್ಲಿ ಬಂದು ರೈಲು ಹಿಡಿಯುತ್ತಿದ್ದಳು. ಮೊದಲು ಹತ್ತಿದವಳು ಇನ್ನೊಬ್ಬಳಿಗೆ ಕಿಟಕಿ ಪಕ್ಕ ಜಾಗ ಹಿಡಿಯಬೇಕು ಎನ್ನುವುದು ನಮ್ಮಿಬ್ಬರ ಒಪ್ಪಂದ. ಮನೆಯ ನಕ್ಷೆ ಬರೆಯುವುದೆಂದರೆ ನನಗೆ ಪ್ರಾಣ. ಮೂರು ಕೋಣೆಯಲ್ಲಿ ಬೆಳೆದವಳಿಗೆ ಕಾಗದದ ಮೇಲೆ ಕೋಣೆ ಸೇರಿಸುತ್ತಾ ಹೋಗುವುದಕ್ಕಿಂತ ದೊಡ್ಡ ಸುಖ ಯಾವುದಿತ್ತು. ಆದರೆ ಲ್ಯಾಬಿನಲ್ಲಿ ಮೂವರಿಗೆ ಒಂದು ಕಂಪ್ಯೂಟರ್. ಮೌಸ್ ಕೈಗೆ ಬರುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಇದನ್ನು ಕೇಳಿದ ಅಬ್ಬ, ಚೀಟಿ ಎತ್ತಿ ಮನೆಗೇ ಒಂದು ಕಂಪ್ಯೂಟರ್ ತರೋಣ ಎಂದರು. ಹಣ ಜಾಸ್ತಿ ಇಲ್ಲ, ಏನು ತಗೋಬೇಕು ಅಂತ ನೀನೇ ವಿಚಾರಿಸು ಎಂದರು. ಲ್ಯಾಬಿನ ಮೇಡಂ ಹತ್ತಿರ ಹೋದೆ.

“ನೋಡಮ್ಮ, ಕಮ್ಮಿ ದುಡ್ಡಿದ್ರೆ ಮದರ್‌ಬೋರ್ಡಿಗೆ ಹಾಕು, ಮಿಕ್ಕಿದ್ದೆಲ್ಲ ಕೂರೋದು ಅದ್ರ ಮೇಲೇ,” ಎಂದರು ಅವರು. “ಪ್ರೊಸೆಸರ್ ಸುಮಾರಾಗಿದ್ರೂ ನಡೀತದೆ, ರ್‍ಯಾಮ್ ಸದ್ಯಕ್ಕೆ ಒಂದು ಸಾಕು. ಆದ್ರೆ ಬೋರ್ಡ್ ಮೇಲೆ ಜಾಗ ಇರ್ಬೇಕು. ಗ್ರಾಫಿಕ್ಸ್ ಕಾರ್ಡಿಗೆ ಒಂದು ಸ್ಲಾಟು, ರ್‍ಯಾಮಿಗೆ ಇನ್ನೊಂದೆರಡು. ದುಡ್ಡು ಬಂದಂಗೆ ಒಂದೊಂದೇ ಹಾಕ್ಕೊಂಡು ಹೋಗ್ಬೋದು. ಬೋರ್ಡೇ ಸರಿಯಿಲ್ದಿದ್ರೆ ಏನ್ ತಂದ್ರೂ ಹಾಕಕ್ಕಾಗಲ್ಲ.”

ಸಂಜೆ ಇದನ್ನು ಅಬ್ಬನಿಗೆ ವಿವರಿಸಲು ಒದ್ದಾಡುತ್ತಿದ್ದೆ. ಅವರು ಕತ್ತರಿ ಕೆಳಗಿಟ್ಟರು.

“ಅಂದ್ರೆ ಒಳಗೆ ಬಟ್ಟೆ ಬಿಟ್ಟು ಹೊಲಿಯೋದು.”

“ಹೂಂ ಅಬ್ಬ, ಅದೇ.”

“ಇಷ್ಟು ಹೇಳಕ್ಕೆ ಇಂಗ್ಲಿಷ್ ಯಾಕಮ್ಮ ಬೇಕಿತ್ತು.”

ಮುಂದಿನ ಮೂರು ವಾರ ನಮ್ಮ ಮನೆಯಲ್ಲಿ ಮುದ್ದೆ ಮುರಿಯುತ್ತಾ ಆಡಿದ್ದೆಲ್ಲ ಬಿಡಿಭಾಗಗಳ ಮಾತೇ. ಅಬ್ಬ ಅಳತೆ ಕತ್ತರಿಸುವ ಖಾಕಿ ಕಾಗದ ಹರಿದುಕೊಟ್ಟರು, ಅದರ ಮೇಲೆ ಪಟ್ಟಿ ಬರೆದೆವು. ಮಾನಿಟರ್ ಚಿಕ್ಕದೇ ಇರಲಿ, ಅದನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು. ಸಿಡಿ ಓದಿದರೆ ಸಾಕು, ಬರೆಯುವುದು ಬೇಡ. ಕ್ಯಾಬಿನೆಟ್ ಎತ್ತರದ್ದಿರಲಿ, ಒಳಗೆ ಗಾಳಿಯಾಡಬೇಕು. ವಿದ್ಯುತ್ ಹಂಚುವ ಎಸ್‌ಎಂಪಿಎಸ್ ಒಂದು ದರ್ಜೆ ಮೇಲಿನದಿರಲಿ, ಮುಂದೆ ಕಾರ್ಡ್ ಹಾಕಿದಾಗ ಎಳೆಯಬೇಕಲ್ಲ. ಪಟ್ಟಿಯಿಂದ ಸ್ಪೀಕರ್ ಹೊಡೆದು ಹಾಕಿದ ದಿನ ಅಮ್ಮಿ ಮುನಿಸಿಕೊಂಡಳು. ಹಾಡು ಬರದ ಕಂಪ್ಯೂಟರ್ ಕಟ್ಟಿಕೊಂಡು ಏನು ಮಾಡ್ತೀರಿ, ಪೂಜೆನಾ ಎಂದಳು. ಅಬ್ಬ ಎಲ್ಲದರಲ್ಲೂ ಚೌಕಾಸಿ ಮಾಡಿದರು, ಬೋರ್ಡಿನಲ್ಲಿ ಮಾತ್ರ ಒಂದು ರೂಪಾಯಿ ಇಳಿಯಲಿಲ್ಲ. ಮೇಡಂ ಬರೆದುಕೊಟ್ಟ ಬೋರ್ಡಿನ ನಂಬರನ್ನು ಬಾಯಿಪಾಠ ಮಾಡಿ, ಚಡ್ಡಿಯ ಅಳತೆ ಕೊಡಲು ಬಂದ ಮೇಷ್ಟರಿಗೂ ಹೇಳಿದರು. ಆ ಮೂರು ವಾರ ನಾನು ಅವರ ಮಗಳಾಗಿ ಎಷ್ಟು ಹೆಮ್ಮೆಪಟ್ಟೆನೋ, ಅಷ್ಟು ಮುಂದೆಂದೂ ಪಡಲಿಲ್ಲ. ಪಟ್ಟಿಯನ್ನೂ ಹಣವನ್ನೂ ಮಾಮುವಿನ ಕೈಗೆ ಕೊಟ್ಟೆವು. ಬೇರೆ ಯಾರಿಗೆ ಕೊಡುವುದು?

ಒಂದು ಭಾನುವಾರ ಕಂಪ್ಯೂಟರ್ ಬಂತು, ಇಡ್ಲಿಯ ಪೊಟ್ಟಣದ ಜೊತೆಗೆ. ಅಮ್ಮಿ ಲೋಬಾನದ ಹೊಗೆ ಹಾಕಿದಳು. ನಾನು ಖಾಕಿ ಕಾಗದದ ಪಟ್ಟಿ ಹಿಡಿದು, ಅಬ್ಬನ ಮೆಷಿನ್ನಿನ ಸ್ಕ್ರೂ ಡ್ರೈವರ್ ತಂದು ನಿಂತೆ. ವಾರಗಟ್ಟಲೆ ಬರೀ ಹೆಸರು ಓದಿದ್ದ ಬೋರ್ಡನ್ನು ಕಣ್ಣಾರೆ ನೋಡುವ ಆಸೆ, ಬೇರೇನಿಲ್ಲ. ಮಾಮು ನಕ್ಕರು.

“ಸೀಲ್ ಹಾಕಿದೀನಿ ಕಣಮ್ಮ. ಬಿಚ್ಚಿದ್ರೆ ಗ್ಯಾರಂಟಿ ಹೋಗ್ತದೆ.”

ಅಮ್ಮಿ ನನ್ನ ಕೈಯಿಂದ ಸ್ಕ್ರೂ ಡ್ರೈವರ್ ಕಿತ್ತುಕೊಂಡಳು. ಆಮೇಲೆ ಅವಳೂ ಮಾಮುವೂ ಅಡುಗೆಮನೆಯಲ್ಲಿ ಮಾತಾಡುತ್ತಾ ನಿಂತರು, ಚಹಾ ಬರುವುದು ತಡವಾಯಿತು. ಮಾಮು ಹೋದ ಮೇಲೆ ನನಗೆ ಸರಿಯಾಗಿ ಮಂಗಳಾರತಿಯಾಯಿತು. ನನ್ನ ತಮ್ಮನ ಎದುರು ಸ್ಕ್ರೂ ಡ್ರೈವರ್ ಹಿಡ್ಕೊಂಡು ನಿಂತ್ಯಲ್ಲ, ಅವ್ನೇನು ಕಳ್ಳನಾ ಎಂದಳು. ನಾನು ತಪ್ಪಾಯಿತು ಎಂದೆ. ನಿಜವಾಗಿಯೂ ತಪ್ಪಾಯಿತೆಂದೇ ಅನ್ನಿಸಿತ್ತು. ಅಬ್ಬ ಉಳಿದ ಬಟ್ಟೆಯಲ್ಲಿ ಕ್ಯಾಬಿನೆಟ್ಟಿಗೊಂದು ಗವಸು ಹೊಲಿದರು, ಅದೂ ಎಂದಿನಂತೆ ಒಂದು ಗೇಣು ದೊಡ್ಡದು.

ಒಂದೂವರೆ ವರ್ಷ ಆ ಸ್ಕ್ರೂಗಳನ್ನು ನಾನು ಮುಟ್ಟಲಿಲ್ಲ. ಯಂತ್ರ ನಿಧಾನವಾಗಿತ್ತು. ಗೋಡೆ ಎಳೆದು, ಕಿಟಕಿ ಕೂರಿಸಿ, ಮೆಟ್ಟಿಲಿಗೆ ಬರುವಷ್ಟರಲ್ಲಿ ಪರದೆ ಕಲ್ಲಾಗಿ ನಿಲ್ಲುತ್ತಿತ್ತು. ಮಾಡಿದ್ದೆಲ್ಲ ಹೋಗುತ್ತಿತ್ತು. ಒಳಗಿನ ಹಾರ್ಡ್ ಡಿಸ್ಕ್ ಕಡಲೆ ಹುರಿದ ಹಾಗೆ ಸದ್ದು ಮಾಡುತ್ತಿತ್ತು. ಬಿಚ್ಚಿ ನೋಡು ಎಂದು ಮೇಡಂ ಎರಡು ಸಲ ಹೇಳಿದರು. ನಮ್ಮ ಮಾಮು ಜೋಡಿಸಿದ್ದು ಮೇಡಂ, ಅದರಲ್ಲಿ ತಪ್ಪಿರಲ್ಲ, ನನಗೇ ಕಮಾಂಡ್ ಸರಿಯಾಗಿ ಬರಲ್ಲ ಎಂದೆ. ಬಾಯಿಮಾತಿಗೆ ಹೇಳಿದ್ದಲ್ಲ, ನಂಬಿದ್ದೆ. ಲ್ಯಾಬಿನಲ್ಲಿ ಲತಾ ಒಂದು ಗಂಟೆಯಲ್ಲಿ ಮುಗಿಸಿದ್ದನ್ನು ನಾನು ಮನೆಯಲ್ಲಿ ನಾಲ್ಕು ಗಂಟೆ ಎಳೆಯುತ್ತಿದ್ದೆ. ಒಂದು ಸಂಜೆ ತಲೆ ಚಚ್ಚಿಕೊಂಡು ಅತ್ತೆ. ನನಗೆ ಬುದ್ಧಿ ಇಲ್ಲ ಅಮ್ಮಿ, ನಾನು ಈ ಕೋರ್ಸಿಗೆ ಲಾಯಕ್ಕಿಲ್ಲ ಎಂದೆ. ಅಮ್ಮಿ ತಲೆಗೆ ಎಣ್ಣೆ ಹಚ್ಚಿದಳು. ಹೋಗ್ಲಿ ಬಿಡು, ಎಲ್ರಿಗೂ ಎಲ್ಲಾ ಬರಲ್ಲ ಎಂದಳು.

ಕೊನೆಯ ವರ್ಷ ಮೇಡಂ ಪರಿಚಯದ ಕುಣಿಗಲ್‌ನ ಒಬ್ಬ ಇಂಜಿನಿಯರು ಕೆಲಸ ಕೊಡುತ್ತೇನೆಂದರು. ಕಟ್ಟಿಸುವವರು ಕಣ್ಣಾರೆ ನೋಡಿ ಒಪ್ಪುವಂತೆ ಮನೆಯನ್ನು ಎಲ್ಲ ಮಗ್ಗುಲಿನಿಂದ ಕಂಪ್ಯೂಟರಿನಲ್ಲಿ ತೋರಿಸಬೇಕು. ಪರೀಕ್ಷೆಗೆಂದು ಹುಲಿಯೂರುದುರ್ಗದ ಒಬ್ಬರ ಮನೆ ಪ್ಲಾನು ಕೊಟ್ಟು ಹತ್ತು ದಿನ ಸಮಯ ಕೊಟ್ಟರು. ಚೆನ್ನಾಗಿ ಬಂದರೆ ಅವರ ಎಲ್ಲ ಮನೆಗಳೂ ನನಗೇ. ಆ ಸಂಪಾದನೆಯಲ್ಲಿ ಡಿಪ್ಲೊಮಾ ಆದ ಮೇಲೆ ಇಂಜಿನಿಯರಿಂಗ್ ಓದಬಹುದೆಂದು ನಾನೂ ಅಬ್ಬನೂ ಲೆಕ್ಕ ಹಾಕಿದೆವು, ಬೇರೆ ದಾರಿ ನಮಗಿರಲಿಲ್ಲ. ಆ ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಕಿತ್ತು. ಮದುವೆಮನೆಗಳಲ್ಲಿ ಮೆಹೆಂದಿ ಹಾಕಿ ಕೂಡಿಟ್ಟ ಹಣ ನನ್ನ ಹತ್ತಿರವಿತ್ತು. ಲತಾಳ ಅಣ್ಣ ಸಿ.ಎಸ್. ಪುರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ, ಹೊಸ ಕಾರ್ಡ್ ಹಾಕಿಕೊಂಡು ಹಳೆಯದನ್ನು ತೆಗೆದಿಟ್ಟಿದ್ದ. ಲತಾ ಅವನಿಗೆ ಹೇಳಿ ಅರ್ಧ ಬೆಲೆಗೆ ಕೊಡಿಸಿದಳು. ರೈಲಿನಲ್ಲಿ ಅದನ್ನು ತನ್ನ ದುಪಟ್ಟಾದಲ್ಲಿ ಸುತ್ತಿ ತಂದು ನನ್ನ ಮಡಿಲಲ್ಲಿಟ್ಟಳು.

ಮರುದಿನ ಶುಕ್ರವಾರ, ಕಾಲೇಜಿಗೆ ರಜೆ. ಅಬ್ಬ ಜುಮ್ಮಾ ನಮಾಜಿಗೆ ಹೋಗಿದ್ದರು. ಗ್ಯಾರಂಟಿ ಮುಗಿದು ಆರು ತಿಂಗಳಾಗಿತ್ತು, ಅಮ್ಮಿಯ ಕಾನೂನಿಗೂ ಅಷ್ಟು ಸಾಕೆಂದುಕೊಂಡು ಸ್ಕ್ರೂ ಬಿಚ್ಚಿದೆ. ಒಳಗೆ ಧೂಳು ಗೋಡೆ ಕಟ್ಟಿತ್ತು. ಕಾರ್ಡ್ ಕೈಯಲ್ಲಿ ಹಿಡಿದು ಸ್ಲಾಟ್ ಹುಡುಕಿದೆ. ಟಾರ್ಚ್ ಬಿಟ್ಟು ಹುಡುಕಿದೆ. ಇರಲಿಲ್ಲ. ಸ್ಲಾಟ್ ಇರಬೇಕಾದ ಕಡೆ ಹಸಿರು ಬೋರ್ಡು ಬೋಳಾಗಿತ್ತು. ರ್‍ಯಾಮಿನ ಎರಡೇ ಜಾಗ, ಎರಡರಲ್ಲೂ ಅರ್ಧರ್ಧದ ಹಳೆಯ ತುಂಡುಗಳು. ಧೂಳು ಒರೆಸಿ ನಂಬರ್ ಓದಿದೆ. ಅಬ್ಬ ಬಾಯಿಪಾಠ ಮಾಡಿದ್ದ ನಂಬರ್ ಅದಲ್ಲ. ನನಗೆ ಮೊದಲು ಬಂದದ್ದು ಮಾಮುವಿನ ಮೇಲೆ ಕನಿಕರ. ಓಡಿಹೋಗಿ ಅಮ್ಮಿಗೆ ಹೇಳಿದೆ. ಅವಳು ಹಿತ್ತಲ ಬಾಗಿಲಲ್ಲಿ ಕೂತು ರವಿಕೆಗೆ ಹುಕ್ಕು ಹಾಕುತ್ತಿದ್ದಳು.

“ಅಮ್ಮಿ, ಮಾಮೂಗೆ ಯಾರೋ ಮೋಸ ಮಾಡವ್ರೆ. ಬೇರೆ ಬೋರ್ಡ್ ಕೊಟ್ಟು ಕಳಿಸವ್ರೆ, ಪಾಪ, ಅವ್ರಿಗೂ ಗೊತ್ತಾಗಿಲ್ಲ. ಸಂಜೆ ಟ್ರೇನಿಗೆ ಹೋಗಿ ಹೇಳ್ಬತ್ತೀನಿ.”

ಅವಳು ಸೂಜಿಯಿಂದ ಕಣ್ಣು ಎತ್ತಲಿಲ್ಲ.

“ಹೋಗ್ಬೇಡ.”

“ಯಾಕೆ?”

“ಅದು ಇಮ್ರಾನಂದು. ಅವನ ಹಳೇ ಮೆಷಿನ್‌ದು.”

ಇಮ್ರಾನ್ ಮಾಮುವಿನ ಮಗ, ನನಗಿಂತ ಒಂದು ವರ್ಷ ದೊಡ್ಡವನು.

“ಅವನಿಗಾಗ ಇಂಜಿನಿಯರಿಂಗ್ ಸೀಟ್ ಸಿಕ್ಕಿತ್ತಲ್ಲ. ನಿನ್ನ ಬೋರ್ಡು, ಆ ಇನ್ನೊಂದು ಡಿಸ್ಕು, ಅವನದಕ್ಕೆ ಹಾಕಿ, ಅವನದು ಇದಕ್ಕೆ ಹಾಕವ್ನೆ ನಿನ್ ಮಾಮು. ಹುಡುಗಿಗೆ ಇಷ್ಟು ಸಾಕು ಆಪಾ, ಭಾವಂಗೆ ಹೇಳ್ಬೇಡ ಅಂದ.”

“ನಿಂಗ್ಯಾವಾಗ ಹೇಳಿದ್ರು?”

“ತಂದ ದಿನಾನೇ. ಅಡುಗೆಮನೇಲಿ.”

ಮಾಮುವಿನ ಮೇಲೆ ಸಿಟ್ಟು ಬಂತು, ಅದು ಸಾಮಾನ್ಯ ಸಿಟ್ಟು, ಅಂಗಡಿಯವರ ಮೇಲೆ ಬರುವಂಥದ್ದು. ಆದರೆ ಅಮ್ಮಿ ಒಂದೂವರೆ ವರ್ಷ ಅದೇ ಕೋಣೆಯಲ್ಲಿ ಕೂತು ನನ್ನನ್ನು ನೋಡಿದ್ದಳು. ಪರದೆ ನಿಂತಾಗಲೆಲ್ಲ ನಾನು ನನ್ನನ್ನೇ ಬೈದುಕೊಳ್ಳುವುದನ್ನು ಕೇಳಿಸಿಕೊಂಡಿದ್ದಳು. ಯಂತ್ರದ ಮಂದಗತಿಯನ್ನು ನಾನು ನನ್ನ ತಲೆಯ ಮಂದಗತಿ ಎಂದುಕೊಂಡಿದ್ದೆ. ಹಾಗಲ್ಲ ಮಗಳೇ ಎಂಬ ಒಂದು ಮಾತು ಅವಳ ಬಾಯಲ್ಲಿತ್ತು, ಅವಳು ಅದನ್ನು ನುಂಗಿ ನನ್ನ ತಲೆಗೆ ಎಣ್ಣೆ ಹಚ್ಚಿದ್ದಳು. ಇವತ್ತು ಬರೆಯುವಾಗಲೂ ನನಗೆ ಅದನ್ನು ಕ್ಷಮಿಸಲು ಆಗುತ್ತಿಲ್ಲ. ಬೋರ್ಡು ಹೋದರೆ ಬೋರ್ಡು ಬರುತ್ತದೆ. ನನಗೆ ಬುದ್ಧಿಯಿಲ್ಲವೆಂದು ನಾನು ನಂಬಿದ ಆ ಸಂಜೆಗಳನ್ನು ಯಾರು ತಂದುಕೊಡುತ್ತಾರೆ?

“ನಾನು ಅಬ್ಬಂಗೆ ಹೇಳ್ತೀನಿ,” ಎಂದೆ.

“ಹೇಳು. ಆಮೇಲೆ ಅವ್ರು ಆ ಮನೆ ಮೆಟ್ಟಿಲು ಹತ್ತಕ್ಕೆ ನನ್ನ ಬಿಡಲ್ಲ. ಅವನೂ ಈ ಕಡೆ ಬರಲ್ಲ. ನಮ್ಮಮ್ಮ ಹೋದ್ಮೇಲೆ ನಂಗೆ ಅಂತ ಇರೋದು ಅದೊಂದು ಬಾಗಿಲು.” ಹುಕ್ಕಿನ ದಾರವನ್ನು ಹಲ್ಲಿನಿಂದ ಕಡಿದಳು. “ನಿಂಗೆ ಬೋರ್ಡು ಬೇಕೋ, ನಂಗೆ ತವರು ಬೇಕೋ. ನೀನೇ ಹೇಳು.”

ಹತ್ತೊಂಬತ್ತರ ಹುಡುಗಿಗೆ ಯಾರೂ ಕೇಳಬಾರದ ಪ್ರಶ್ನೆ ಅದು. ಉತ್ತರ ಕೊಡುವ ಮೊದಲೇ ಅಬ್ಬ ಟೋಪಿ ಮಡಚುತ್ತಾ ಒಳಗೆ ಬಂದರು. ದಸ್ತರ್ಖಾನ್ ಹಾಸಿ ಅನ್ನ, ದಾಲ್ಚಾ ಬಡಿಸಿದ್ದಾಯಿತು. ಬಿಚ್ಚಿದ ಕ್ಯಾಬಿನೆಟ್ ಗೋಡೆಗೆ ಮುಖ ಮಾಡಿ ನಿಂತಿತ್ತು.

“ಏನ್ ಬೇಟಿ, ಕಾರ್ಡ್ ಕೂತ್ಕೊಂತಾ?”

ಅಮ್ಮಿ ನನ್ನ ತಟ್ಟೆಗೆ ಇನ್ನೊಂದು ಸೌಟು ದಾಲ್ಚಾ ಹಾಕಿದಳು. ನಾನು ಕೇಳಿರಲಿಲ್ಲ.

“ಇಲ್ಲ ಅಬ್ಬ,” ಎಂದೆ. “ಕಾರ್ಡೇ ಕೆಟ್ಟೋಗಿದೆ.”

ಅಲ್ಲಿಗೆ ಮುಗಿಯಿತೆಂದುಕೊಂಡೆ. ಅಬ್ಬ ಎಂಥವರೆಂದು ಆ ಗಳಿಗೆಯಲ್ಲಿ ನನಗೆ ಮರೆತುಹೋಗಿತ್ತು. ಅವರು ಹೊಲಿದ ಪ್ಯಾಂಟಿನ ಹೊಲಿಗೆ ಬಿಟ್ಟರೆ ಎರಡು ವರ್ಷದ ಮೇಲೂ ಪುಕ್ಕಟೆ ಹಾಕಿಕೊಡುವವರು, ಪ್ರಪಂಚವೂ ಹಾಗೇ ಇರಬೇಕೆಂದು ನಂಬಿದವರು. ಬೇಡ ಅಬ್ಬ, ಹೋಗ್ಲಿ ಬಿಡಿ ಎಂದು ನಾನು ಗೋಗರೆದೆ. ಕೆಟ್ಟ ಮಾಲು ಕೊಟ್ಟೋರಿಗೆ ಹೇಳ್ದಿದ್ರೆ ನಾಳೆ ಇನ್ನೊಬ್ರಿಗೆ ಕೊಡ್ತಾರೆ ಎಂದರು. ಭಾನುವಾರ ಬೆಳಿಗ್ಗೆ ಕಾರ್ಡನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ನನ್ನನ್ನೂ ಕರೆದುಕೊಂಡು ಸಿ.ಎಸ್. ಪುರದ ಬಸ್ ಹತ್ತಿದರು. ಲತಾ ನಮ್ಮನ್ನು ಕಂಡು ಖುಷಿಯಿಂದ ಚಾಪೆ ಹಾಸಿದಳು, ಮಜ್ಜಿಗೆ ತಂದಳು. ಅಬ್ಬ ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟು, ಗಂಟು ಬಿಚ್ಚಿದರು. ಲತಾಳ ಅಣ್ಣ ಬೆರಗಾಗಿ ನೋಡಿದ.

“ಸಾಬ್ರೇ, ಮೊನ್ನೆಗಂಟ ನನ್ ಮೆಷಿನ್ನಾಗೇ ಓಡ್ತಿತ್ತಲ್ಲ ಇದು. ಕೆಟ್ಟಿರಕ್ಕೆ ಸಾಧ್ಯನೇ ಇಲ್ಲ.”

“ನೀವು ಬೇಕಂತ ಕೊಟ್ರಿ ಅಂತ ನಾನು ಹೇಳಲ್ಲಪ್ಪ. ಆದ್ರೆ ಕೆಟ್ಟಿದೆ. ನನ್ ಮಗಳು ಸುಳ್ಳು ಹೇಳಲ್ಲ.”

“ಹಂಗಲ್ಲ. ತತ್ತನ್ನಿ ಇಲ್ಲಿ, ಸ್ಟುಡಿಯೋ ಪಕ್ಕದಾಗೇ ಐತೆ, ಈಗ್ಲೇ ಹಾಕ್ ತೋರಿಸ್ತೀನಿ.”

ಅವನು ಎದ್ದೇಬಿಟ್ಟ. ನಾನು ಲತಾಳ ಮುಖ ನೋಡಿದೆ. ನನ್ನ ಮುಖದಲ್ಲಿ ಅವಳಿಗೆ ಏನು ಕಂಡಿತೋ, ಅಣ್ಣನ ತೋಳು ಹಿಡಿದಳು.

“ಬುಡಣ್ಣ. ದುಡ್ಡು ಕೊಟ್ಬುಡು.”

“ಏ, ಓಡೋ ಕಾರ್ಡಿಗೆ...”

“ಕೊಟ್ಬುಡು ಅಂದ್ನಲ್ಲ.”

ಅವನು ಒಳಗೆ ಹೋಗಿ ಹಣ ತಂದು ಕೊಟ್ಟ. ಬಸ್ಸಿನಲ್ಲಿ ಅಬ್ಬ, ಹುಡುಗಿ ಒಳ್ಳೇದು, ತಪ್ಪು ಒಪ್ಕೊಂತು ಎಂದರು.

ಸೋಮವಾರ ರೈಲಿನಲ್ಲಿ ಲತಾ ಎಂದಿನಂತೆ ನನಗೆ ಕಿಟಕಿ ಪಕ್ಕ ಜಾಗ ಹಿಡಿದಿದ್ದಳು. ರೈಲು ಹೊರಟ ಮೇಲೆ ಕೇಳಿದಳು.

“ರಾತ್ರಿ ನಮ್ಮಣ್ಣ ಹಾಕಿ ನೋಡ್ದ ಕಣೇ. ಓಡ್ತೈತೆ. ಯಾಕಂಗಂದೆ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕಾರಣವಿದ್ದರೆ ಒಪ್ಪಿಕೊಳ್ಳಲು ತಯಾರಾಗಿ ಬಂದಿದ್ದಳು. ನಾನು ಬಾಯಿ ತೆರೆದರೆ ಅಮ್ಮಿ ಬೀದಿಗೆ ಬರುತ್ತಾಳೆ. ಮುಚ್ಚಿದರೆ ಲತಾ ಕಳ್ಳಿಯಾಗುತ್ತಾಳೆ. ತುಮಕೂರು ಬರುವ ತನಕ ಅವಳು ಕಾದಳು. ಇಳಿಯುವಾಗ ನನ್ನ ಟಿಫಿನ್ ಚೀಲ ಎತ್ತಿಕೊಟ್ಟಳು, ಮರುದಿನದಿಂದ ಬೇರೆ ಬೋಗಿ ಹತ್ತಿದಳು. ಕುಣಿಗಲ್‌ನವರ ಹತ್ತು ದಿನ ಮುಗಿದು ಕೆಲಸ ಬೇರೆ ಯಾರ ಪಾಲಿಗೋ ಹೋಯಿತು. ಇಂಜಿನಿಯರಿಂಗ್ ಆಗಲಿಲ್ಲ. ತುಮಕೂರಿನ ಒಂದು ಕಚೇರಿಯಲ್ಲಿ, ಬೇರೆಯವರ ಕಂಪ್ಯೂಟರಿನ ಮುಂದೆ ಕೂತು ನಕ್ಷೆ ಬರೆದೇ ನಾನು ಬದುಕು ಕಟ್ಟಿಕೊಂಡೆ. ನನ್ನ ಕೈ ಅಷ್ಟೇನೂ ನಿಧಾನವಲ್ಲ ಎಂದು ಮೊದಲ ವಾರದಲ್ಲೇ ತಿಳಿಯಿತು.

ಅಮ್ಮಿ ತೀರಿಕೊಂಡು ಬಹಳ ಕಾಲವಾಯಿತು. ಮಣ್ಣಿಗೆ ಮಾಮು ಬಂದಿದ್ದರು, ಮಗುವಿನ ಹಾಗೆ ಅತ್ತರು. ಈಗ ಹೇಳಿದರೆ ಅವಳಿಗೇನೂ ಆಗುವುದಿಲ್ಲ, ಕಳೆದುಕೊಳ್ಳುವ ತವರೂ ಇಲ್ಲ. ಅಬ್ಬನಿಗೆ ಕಣ್ಣು ಮಂಜಾಗಿದೆ, ಹೊಲಿಯುವುದು ಬಿಟ್ಟಿದ್ದಾರೆ, ನೆನಪು ಮಾತ್ರ ಚುರುಕು. ಹೋದ ತಿಂಗಳು ಗುಬ್ಬಿಗೆ ಹೋದಾಗ ನನ್ನ ಹಳೆಯ ಸಹಪಾಠಿಗಳ ಮಾತು ಬಂತು.

“ಆ ಸಿ.ಎಸ್. ಪುರದ ಹುಡುಗಿ ಎಲ್ಲವಳೆ ಈಗ? ನಿಂಗೆ ಕೆಟ್ಟ ಕಾರ್ಡ್ ಕೊಟ್ಟಿದ್ಲಲ್ಲ, ಅವಳು.”

“ಗೊತ್ತಿಲ್ಲ ಅಬ್ಬ,” ಎಂದೆ, “ಊಟ ಮಾಡಿ.”